ಹದಿನಾಲ್ಕು ಸಾವಿರ ಕಿಲೋಮೀಟರ್, ಎಷ್ಟು ಗಂಟೆ?

ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಸುಮಾರು 13,990 ಕಿಲೋಮೀಟರ್. ದೊಡ್ಡ ಜೆಟ್ ವಿಮಾನದ ವೇಗ ಎಷ್ಟು? ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಪ್ರಾಥಮಿಕ ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕ. ಊರಿಂದೂರಿಗೆ ದೂರ ತೋರಿಸುವ ಜಾಲತಾಣಗಳು ಮಾಡುವುದೂ ಹೆಚ್ಚೂಕಡಿಮೆ ಇಷ್ಟೇ. ಆದರೆ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರುವಾದಾಗ ಹೋಗಲು ಹಿಡಿದದ್ದು ಸುಮಾರು ಹದಿನಾರು ಗಂಟೆ, ಬರಲು ಹದಿನೇಳಕ್ಕೂ ಮೇಲೆ. ವಿಮಾನ ಅದೇ, ದೂರ ಅದೇ. ಹೋಗುವ ಸಮಯಕ್ಕೂ ಬರುವ ಸಮಯಕ್ಕೂ ತಾಳೆಯಿಲ್ಲ, ಎರಡಕ್ಕೂ ನಮ್ಮ ಭಾಗಾಕಾರದ ಜೊತೆ ತಾಳೆಯಿಲ್ಲ.

ದೂರವನ್ನು ರೇಖಾಗಣಿತ ಒಂದೇ ಹೇಳಬಲ್ಲದು. ಸಮಯ ಹೇಳಬೇಕಾದರೆ ಗಾಳಿಯನ್ನು, ಚಳಿಯನ್ನು, ದಾರಿಯ ಪರ್ವತಗಳನ್ನು, ಹೊತ್ತ ಇಂಧನದ ತೂಕವನ್ನು, ಕೊನೆಗೆ ದೇಶದೇಶಗಳ ನಡುವಿನ ಜಗಳವನ್ನೂ ವಿಚಾರಿಸಬೇಕಾಗುತ್ತದೆ.

ನಕ್ಷೆ ತೋರಿಸದ ದಾರಿ

ಗೋಡೆಗೆ ತೂಗುಹಾಕಿದ ಜಗತ್ತಿನ ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ ಅಡಿಕೋಲು ಇಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಗೆರೆ ಎಳೆದರೆ ಅದು ಬಂಗಾಳ ಕೊಲ್ಲಿ, ಆಗ್ನೇಯ ಏಷ್ಯಾ, ಪೆಸಿಫಿಕ್ ಸಾಗರಗಳನ್ನು ದಾಟಿ ಹೋಗುತ್ತದೆ. ಮರ್ಕೇಟರ್ 1569ರಲ್ಲಿ ರೂಪಿಸಿದ ಬಗೆಯ ನಕ್ಷೆಯಲ್ಲಿ ಈ ನೇರಗೆರೆಯನ್ನು ಹಿಡಿದು ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಹಡಗಿನವರಿಗೆ ಅದರಿಂದ ಒಂದು ಅನುಕೂಲವಿತ್ತು. ದಿಕ್ಸೂಚಿಯ ಒಂದೇ ಕೋನ ಹಿಡಿದು ಸಾಗಿದರೆ ಸಾಕು, ಗುರಿ ಸಿಗುತ್ತದೆ. ಆದರೆ ಅದು ಹತ್ತಿರದ ದಾರಿಯಲ್ಲ.

ಹತ್ತಿರದ ದಾರಿ ಬೇಕಾದರೆ ಮಕ್ಕಳ ಗ್ಲೋಬ್ ಒಂದನ್ನು ತೆಗೆದುಕೊಂಡು ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. ದಾರ ಪೂರ್ವಕ್ಕೆ ಹೋಗುವುದಿಲ್ಲ, ಉತ್ತರಕ್ಕೆ ಏರುತ್ತದೆ. ಬೆಂಗಳೂರಿನಿಂದ ಹೊರಟು ನೇಪಾಳ, ಟಿಬೆಟ್, ಚೀನಾದ ಸಿಂಕಿಯಾಂಗ್, ಸೈಬೀರಿಯಾಗಳ ಮೇಲೆ ಹಾದು, 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ, ಕೊಲಿಮಾ ನದಿ ಸಮುದ್ರ ಸೇರುವಲ್ಲಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಅಲಾಸ್ಕದ ಮೇಲೆ ಇಳಿದು ಕ್ಯಾಲಿಫೋರ್ನಿಯಾ ತಲಪುತ್ತದೆ. ಭೂಮಿಯ ಕೇಂದ್ರದ ಮೂಲಕ ಹಾದುಹೋಗುವ ಸಮತಲವೊಂದು ಮೇಲ್ಮೈಯನ್ನು ಕತ್ತರಿಸಿದಾಗ ಬರುವ ಈ ಗೆರೆಗೆ ಮಹಾವೃತ್ತ ಎಂದು ಹೆಸರು. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಇದು. ಗೋಡೆಯ ನಕ್ಷೆಯಲ್ಲಿ ಸುತ್ತುಬಳಸಿನಂತೆ ಕಾಣುವ ಈ ದಾರಿ ನೇರಗೆರೆಗಿಂತ 2,000 ಕಿ.ಮೀ.ಗೂ ಹೆಚ್ಚು ಉಳಿಸುತ್ತದೆ.

ಭೂಮಿ ನಿಜವಾದ ಗೋಳವೂ ಅಲ್ಲ. ಸಮಭಾಜಕ ವೃತ್ತದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವಗಳಲ್ಲಿ 6,357. ಈ 21 ಕಿ.ಮೀ.ಗಳ ಚಪ್ಪಟೆತನವನ್ನು ಅಳೆಯುವ ಕೆಲಸದಲ್ಲಿ ಬೆಂಗಳೂರಿಗೂ ಪಾಲಿದೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ಒಂದು ಆಧಾರರೇಖೆಯನ್ನು ಅಳೆದ. ಮುಂದೆ ಭಾರತದ ಉದ್ದಕ್ಕೂ ಬೆಳೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಅದು ಮುನ್ನುಡಿ. ಇಂದಿನ ಲೆಕ್ಕಗಳಲ್ಲಿ ಈ ಚಪ್ಪಟೆತನವನ್ನು ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಒಂದೇ ಜೋಡಿ ಊರುಗಳಿಗೆ ಎರಡು ಕಡೆ ಕೆಲವು ಕಿಲೋಮೀಟರ್ ಹೆಚ್ಚುಕಡಿಮೆ ಕಾಣುವುದಕ್ಕೆ ಇದೂ ಒಂದು ಕಾರಣ. ಹದಿನಾಲ್ಕು ಸಾವಿರದ ಎದುರು ಅದು ನಗಣ್ಯ.

ಟಿಬೆಟ್ ಯಾಕೆ ಬೇಡ?

ಹತ್ತಿರದ ದಾರಿ ಗೊತ್ತಾಯಿತು ಎಂದ ಮಾತ್ರಕ್ಕೆ ವಿಮಾನ ಅದನ್ನೇ ಹಿಡಿಯುವುದಿಲ್ಲ. ಮೊದಲ ತೊಡಕು ಟಿಬೆಟ್ ಪ್ರಸ್ಥಭೂಮಿ. ನಮ್ಮ ದಾರ ಅದರ ನಟ್ಟನಡುವೆ ಹಾದುಹೋಗುತ್ತದೆ. ಅಲ್ಲಿನ ನೆಲದ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ವಿಮಾನ ಹಾರುವುದು 10,000 ಮೀಟರ್ ಮೇಲೆ, ಹಾಗಿದ್ದ ಮೇಲೆ ಏನು ಭಯ ಎನ್ನಬಹುದು.

ಭಯ ಇರುವುದು ಕ್ಯಾಬಿನ್ನಿನ ಗಾಳಿಯ ಒತ್ತಡ ಥಟ್ಟನೆ ಇಳಿದರೆ ಏನು ಮಾಡುವುದು ಎಂಬಲ್ಲಿ. ಆಗ ಪೈಲಟ್ ಕೆಲವೇ ನಿಮಿಷಗಳಲ್ಲಿ ಸುಮಾರು 3,000 ಮೀಟರಿಗೆ ಇಳಿಯಬೇಕು. ಮಾಸ್ಕ್ ಇಲ್ಲದೆ ಉಸಿರಾಡಬಹುದಾದ ಎತ್ತರ ಅದು. ಪ್ರಯಾಣಿಕರ ತಲೆಯ ಮೇಲಿಂದ ಉದುರುವ ಮಾಸ್ಕ್‌ಗಳಿಗೆ ಆಮ್ಲಜನಕ ಕೊಡುವ ರಾಸಾಯನಿಕ ಡಬ್ಬಿ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತೆರಡು ನಿಮಿಷ ನಡೆಯುತ್ತದೆ. ಟಿಬೆಟ್ ಮೇಲೆ 3,000 ಮೀಟರಿಗೆ ಇಳಿಯಲು ಜಾಗವೇ ಇಲ್ಲ, ಅಲ್ಲಿರುವುದು ಬಂಡೆ. ಗಂಟೆಗಟ್ಟಲೆ ಹಾರಿದರೂ ತಗ್ಗು ನೆಲ ಸಿಗದು. ಹಾಗಾಗಿ ವಿಶೇಷ ಸಿದ್ಧತೆ ಇಲ್ಲದ ವಿಮಾನಗಳು ಪಶ್ಚಿಮಕ್ಕೋ ಪೂರ್ವಕ್ಕೋ ಬಳಸಿಕೊಂಡು ಹೋಗುತ್ತವೆ. ಭಾಗಾಕಾರ ತಪ್ಪುವುದಕ್ಕೆ ಶುರುವಾಗುವುದು ಇಲ್ಲಿಂದ.

ದೂರ ಹೆಚ್ಚು, ಸಮಯ ಕಡಿಮೆ

2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಒಂದು ಬದಲಾವಣೆ ಮಾಡಿತು. ಅದುವರೆಗೆ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಯುರೋಪ್, ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ವಿಮಾನವನ್ನು ಪೆಸಿಫಿಕ್ ಮೇಲೆ ಹಾರಿಸಿತು. ಹೊಸ ದಾರಿ ಸುಮಾರು 15,300 ಕಿ.ಮೀ. ಅಂದರೆ ಹಳೆಯದಕ್ಕಿಂತ 1,400 ಕಿ.ಮೀ.ಯಷ್ಟು ಜಾಸ್ತಿ. ಆದರೂ ಪ್ರಯಾಣ ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು, ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಬೇಗ. ಹಿಂತಿರುಗುವಾಗ ಅದೇ ವಿಮಾನ ಅಟ್ಲಾಂಟಿಕ್ ಮೇಲೆಯೇ ಬಂತು. ಹೋದದ್ದೂ ಪೂರ್ವಕ್ಕೆ, ಬಂದದ್ದೂ ಪೂರ್ವಕ್ಕೆ. ಹೋಗಿ ಬರುವಷ್ಟರಲ್ಲಿ ಒಂದು ಭೂಪ್ರದಕ್ಷಿಣೆ.

ಇದನ್ನು ಸಾಧ್ಯವಾಗಿಸಿದ್ದು ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹರಿವು. ಉಷ್ಣವಲಯದ ಬಿಸಿ ಗಾಳಿ ಮೇಲೆದ್ದು ಧ್ರುವದ ಕಡೆ ಸರಿಯುವಾಗ ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಬಿಸಿ ಮತ್ತು ತಣ್ಣನೆಯ ಗಾಳಿಯ ರಾಶಿಗಳು ಎದುರುಬದುರಾಗುವ ಗಡಿಯಲ್ಲಿ, ಸುಮಾರು ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಈ ಹರಿವು ರಭಸ ಪಡೆಯುತ್ತದೆ. ವಿಮಾನಗಳು ಹಾರುವ ಎತ್ತರವೂ ಅದೇ. ಚಳಿಗಾಲದಲ್ಲಿ ಸಮಭಾಜಕಕ್ಕೂ ಧ್ರುವಕ್ಕೂ ಉಷ್ಣತೆಯ ಅಂತರ ಹೆಚ್ಚುವುದರಿಂದ ಗಾಳಿಯ ಬಿರುಸೂ ಹೆಚ್ಚು. ಜಪಾನಿನ ಮೇಲೆ ಅದು ಗಂಟೆಗೆ 300 ಕಿ.ಮೀ. ಮೀರುವುದುಂಟು.

ಇದನ್ನು ಮೊದಲು ಅಳೆದವನು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ತಾತೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು ಅವು ಪೂರ್ವಕ್ಕೆ ಓಡುವ ವೇಗವನ್ನು ದಾಖಲಿಸಿದ. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ. ಜಗತ್ತಿನಲ್ಲಿ ಅದನ್ನು ಓದಿದವರು ವಿರಳ. ಎರಡನೆಯ ಮಹಾಯುದ್ಧದಲ್ಲಿ, 1944ರ ಕೊನೆಗೆ, ಅಮೆರಿಕದ ಬಿ-29 ಬಾಂಬರ್‌ಗಳು ಟೋಕಿಯೋ ಮೇಲೆ ಹಾರಿ ಗುರಿ ತಪ್ಪಿದಾಗ ಆ ಗಾಳಿಯ ಬಲ ಎಲ್ಲರಿಗೂ ಅರಿವಾಯಿತು.

ಲೆಕ್ಕ ಹಾಕಿ ನೋಡೋಣ. ವಿಮಾನ ಗಾಳಿಯಲ್ಲಿ ಗಂಟೆಗೆ 900 ಕಿ.ಮೀ. ಹೋಗುತ್ತಿದೆ, ಗಾಳಿ 150 ಕಿ.ಮೀ. ವೇಗದಲ್ಲಿ ಬೆನ್ನಿಗಿದೆ. ನೆಲದ ಮೇಲಿನ ವೇಗ 1,050. ಮೂರು ಸಾವಿರ ಕಿ.ಮೀ. ದಾಟಲು ಎರಡು ಗಂಟೆ 51 ನಿಮಿಷ ಸಾಕು. ಅದೇ ಗಾಳಿ ಮುಖಕ್ಕೆ ಬಂದರೆ ವೇಗ 750, ಸಮಯ ನಾಲ್ಕು ಗಂಟೆ. ಹೋಗುವಾಗ ಉಳಿದದ್ದು ಬರುವಾಗ ಕಳೆದುಕೊಂಡರೆ ಲೆಕ್ಕ ಚುಕ್ತಾ ಅಲ್ಲವೇ ಎಂದರೆ ಅದೂ ಇಲ್ಲ. ಗಾಳಿಯೇ ಇಲ್ಲದ ದಿನ ಹೋಗಿಬರಲು ಆರು ಗಂಟೆ 40 ನಿಮಿಷ. ಗಾಳಿಯಿದ್ದಾಗ ಆರು ಗಂಟೆ 51 ನಿಮಿಷ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುವುದರಿಂದ ನಷ್ಟವೇ ಮೇಲುಗೈ. ಅದಕ್ಕೇ ಬರುವ ದಾರಿ ಬೇರೆ ಇರಬೇಕು.

ಇಲ್ಲೊಂದು ಹಳೆಯ ತಪ್ಪುಕಲ್ಪನೆಯನ್ನೂ ವಿಚಾರಿಸಬಹುದು. ಭೂಮಿ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ವಿಮಾನ ಮೇಲೆದ್ದು ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬರಬಾರದೇಕೆ? ಬೆಂಗಳೂರಿನ ನೆಲ ಭೂಮಿಯ ಜೊತೆ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಧಾವಿಸುತ್ತಿದೆ. ಅದರ ಮೇಲಿನ ಗಾಳಿಯೂ, ರನ್‌ವೇಯಲ್ಲಿ ನಿಂತ ವಿಮಾನವೂ ಅದೇ ವೇಗದಲ್ಲಿ ಸಾಗುತ್ತಿವೆ. ಮೇಲೆದ್ದ ಮಾತ್ರಕ್ಕೆ ಆ ವೇಗ ಕಳಚಿ ಬೀಳುವುದಿಲ್ಲ. ಭೂಮಿಯ ತಿರುಗುವಿಕೆ ಪ್ರಯಾಣದ ಸಮಯವನ್ನು ತಟ್ಟುವುದು ಜೆಟ್ ಸ್ಟ್ರೀಮನ್ನು ಬಾಗಿಸುವ ಮೂಲಕ ಮಾತ್ರ.

ಧ್ರುವದ ಮೇಲಿನ ರಾತ್ರಿ

2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹೊರಟಿತು. ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್. ಕಾಕ್‌ಪಿಟ್ಟಿನಲ್ಲಿ ನಾಲ್ವರೂ ಮಹಿಳೆಯರು: ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವಾರೆ, ಶಿವಾನಿ ಮನ್ಹಾಸ್. ಅವರು ಹಿಡಿದ ದಾರಿ ಉತ್ತರ ಧ್ರುವದ್ದು. ಪೆಸಿಫಿಕ್ ಮೇಲಿನ ಎದುರುಗಾಳಿಗೆ ಎದೆಯೊಡ್ಡುವ ಬದಲು, ಜೆಟ್ ಸ್ಟ್ರೀಮ್ ಅಷ್ಟಾಗಿ ಕಾಡದ ಜಗತ್ತಿನ ನೆತ್ತಿಯ ಮೇಲೆ ಹಾದು ಬರುವ ಉಪಾಯ. ಸರಿಯಾಗಿ ಧ್ರುವಬಿಂದುವನ್ನೇ ಮುಟ್ಟಿ ಬಂದರೂ ಮಹಾವೃತ್ತಕ್ಕಿಂತ ಹೆಚ್ಚಾಗುವುದು ಸುಮಾರು 375 ಕಿ.ಮೀ., ನೂರಕ್ಕೆ ಮೂರರಷ್ಟೂ ಅಲ್ಲ. ಇನ್ನೊಂದು ಅನುಕೂಲವೂ ಇದೆ. ಕಜಕಸ್ತಾನದ ಅಲ್ಮಾಟಿ ನಗರವೂ ಬೆಂಗಳೂರೂ ಹೆಚ್ಚೂಕಡಿಮೆ ಒಂದೇ ರೇಖಾಂಶದಲ್ಲಿವೆ. ಧ್ರುವ ದಾಟಿ ಆ ಕಡೆಯಿಂದ ಇಳಿದರೆ ಟಿಬೆಟ್ ಎಡಗಡೆಗೆ, ಪೂರ್ವಕ್ಕೆ, ಉಳಿದುಬಿಡುತ್ತದೆ.

ವಿಮಾನ ಜನವರಿ 11ರ ಸೋಮವಾರ ಬೆಳಗಿನ ಜಾವ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಹೊರಟದ್ದು ರಾತ್ರಿ, ಇಳಿದದ್ದು ರಾತ್ರಿ, ನಡುವೆ ಧ್ರುವಪ್ರದೇಶದ ತಿಂಗಳುಗಟ್ಟಲೆಯ ಇರುಳು. ಹದಿನೇಳು ಗಂಟೆ ಹಾರಿದರೂ ಸೂರ್ಯ ಕಾಣಲಿಲ್ಲ. ಪ್ರಯಾಣಿಕರ ಭಾನುವಾರ ಆಕಾಶದಲ್ಲೇ ಕಳೆದುಹೋಯಿತು.

ಧ್ರುವದ ದಾರಿಗೆ ಅದರದ್ದೇ ಷರತ್ತುಗಳಿವೆ. ಅಲ್ಲಿ ಹೊರಗಿನ ಉಷ್ಣತೆ ಸೊನ್ನೆಗಿಂತ 65 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದು ಸಾಮಾನ್ಯ. ಅಮೆರಿಕದಲ್ಲಿ ತುಂಬಿಸುವ ಜೆಟ್-ಎ ಇಂಧನ ಹೆಪ್ಪುಗಟ್ಟುವ ಮಿತಿ ಮೈನಸ್ 40, ಭಾರತದಲ್ಲಿ ಸಿಗುವ ಜೆಟ್-ಎ1ಗೆ ಮೈನಸ್ 47. ಹೀಗಿದ್ದೂ ರೆಕ್ಕೆಯೊಳಗಿನ ಇಂಧನ ಗಟ್ಟಿಯಾಗುವುದಿಲ್ಲ, ಏಕೆಂದರೆ ವೇಗ ಅದನ್ನು ಕಾಯುತ್ತದೆ. ಶಬ್ದದ ವೇಗದ ಶೇ. 84ರಲ್ಲಿ ನುಗ್ಗುವ ವಿಮಾನಕ್ಕೆ ಬಡಿದು ಒತ್ತಲ್ಪಡುವ ಗಾಳಿ ಸುಮಾರು ಮೂವತ್ತು ಡಿಗ್ರಿ ಬಿಸಿಯಾಗುತ್ತದೆ. ಹೊರಗೆ ಮೈನಸ್ 65 ಇದ್ದರೂ ರೆಕ್ಕೆಯ ಮೈಗೆ ತಾಕುವುದು ಮೈನಸ್ 36ರ ಆಸುಪಾಸಿನ ಚಳಿ. ಕಾಕ್‌ಪಿಟ್ಟಿನ ಪರದೆಯಲ್ಲಿ ಇಂಧನದ ಉಷ್ಣತೆಗೆಂದೇ ಒಂದು ಅಂಕಿ ಇರುತ್ತದೆ. ಅದು ಹೆಪ್ಪುಗಟ್ಟುವ ಮಿತಿಗೆ ಮೂರು ಡಿಗ್ರಿ ಹತ್ತಿರ ಬರುವ ಮೊದಲೇ ಪೈಲಟ್ ಬೆಚ್ಚಗಿನ ಎತ್ತರಕ್ಕೆ ಇಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು. ಎರಡಕ್ಕೂ ಇಂಧನ ಹೆಚ್ಚು ಬೇಕು.

ಚಳಿ ವೇಗವನ್ನೂ ಕಡಿಮೆ ಮಾಡುತ್ತದೆ. ವಿಮಾನದ ಮಿತಿ ನಿಗದಿಯಾಗುವುದು ಶಬ್ದದ ವೇಗಕ್ಕೆ ಹೋಲಿಸಿ. ಶಬ್ದವೋ ತಣ್ಣನೆಯ ಗಾಳಿಯಲ್ಲಿ ನಿಧಾನ. ಮೈನಸ್ 50ರಲ್ಲಿ ಆ ಶೇ. 84 ಎಂದರೆ ಗಂಟೆಗೆ 905 ಕಿ.ಮೀ., ಮೈನಸ್ 65ರಲ್ಲಿ 874. ಎಂಜಿನ್ನಿನಲ್ಲಿ ಯಾವ ದೋಷವೂ ಇಲ್ಲದೆ ಗಂಟೆಗೆ ಮೂವತ್ತು ಕಿ.ಮೀ. ಖೋತಾ. ಸಂಪರ್ಕವೂ ಅಷ್ಟಕ್ಕಷ್ಟೆ. ಸಮಭಾಜಕದ ಮೇಲೆ 36,000 ಕಿ.ಮೀ. ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳು 82 ಡಿಗ್ರಿ ಅಕ್ಷಾಂಶದ ಆಚೆ ದಿಗಂತದ ಕೆಳಗೆ ಸರಿಯುತ್ತವೆ. ಹೈ ಫ್ರೀಕ್ವೆನ್ಸಿ ರೇಡಿಯೋವನ್ನು ನಂಬಿದರೆ ಸೌರ ಬಿರುಗಾಳಿಯ ದಿನ ಅದೂ ಕೈಕೊಡುತ್ತದೆ. ಅಂಥ ದಿನಗಳಲ್ಲಿ ವಿಮಾನ ಸಂಸ್ಥೆಗಳು ದಕ್ಷಿಣದ ಉದ್ದ ದಾರಿಯನ್ನೇ ಹಿಡಿಯುತ್ತವೆ.

ಬುತ್ತಿಯ ಭಾರ

777-200ಎಲ್‌ಆರ್ ವಿಮಾನ ಗರಿಷ್ಠ 347 ಟನ್ ತೂಕದೊಂದಿಗೆ ಮೇಲೇರಬಲ್ಲದು. ಹದಿನೇಳು ಗಂಟೆಯ ಪಯಣದಲ್ಲಿ ಇದರ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಇಂಧನವೇ. ದೂರದ ಯಾತ್ರೆಗೆ ಹೊರಟವನು ಬುತ್ತಿ ಹೊರಬೇಕು, ಆ ಬುತ್ತಿ ಹೊರುವ ಶಕ್ತಿಗೆ ಇನ್ನಷ್ಟು ಬುತ್ತಿ ಬೇಕು. ವಿಮಾನದ ಪಾಡೂ ಅದೇ. ಗಂಟೆಗೆ ಸುಮಾರು ಏಳು ಟನ್ ಉರಿಯುವ ಇಂಧನದಲ್ಲಿ ಒಂದು ಪಾಲು ಉಳಿದ ಇಂಧನವನ್ನು ಹೊರುವುದಕ್ಕೇ ಖರ್ಚು. ಹೊರಟಾಗ ಭಾರಕ್ಕೆ ಕೆಳಗೇ ಹಾರುವ ವಿಮಾನ, ಇಂಧನ ಕರಗಿದಂತೆ ಹಂತಹಂತವಾಗಿ ಮೇಲೇರುತ್ತದೆ.

ಬೆಂಗಳೂರಿನಿಂದ ಹೊರಡುವುದು ಇನ್ನೂ ಕಷ್ಟ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣ ಸಮುದ್ರದಂಚಿನಲ್ಲಿದೆ. ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿ ಸುಮಾರು 915 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಅದರ ಮೇಲೆ ಮಧ್ಯಾಹ್ನದ ಬಿಸಿಲೂ ಸೇರಿದರೆ ರೆಕ್ಕೆಗೆ ಸಿಗುವ ಎತ್ತುವ ಬಲ ಕಡಿಮೆ, ಎಂಜಿನ್ನಿನ ತಳ್ಳುವ ಬಲವೂ ಕಡಿಮೆ. ಆಗ ಇಂಧನ ಬಿಡುವಂತಿಲ್ಲ, ಕೆಲವು ಸೀಟುಗಳನ್ನೋ ಸರಕನ್ನೋ ಬಿಡಬೇಕಾಗುತ್ತದೆ. ನಮ್ಮ ಊರಿನ ತಂಪು ಹವೆಗೆ ಕಾರಣವಾದ ಎತ್ತರ ವಿಮಾನಕ್ಕೆ ಮಾತ್ರ ಹೊರೆ.

ಆಕಾಶಕ್ಕೂ ಗಡಿಗಳಿವೆ

ಎರಡೇ ಎಂಜಿನ್ನುಗಳ ವಿಮಾನ ಸಾಗರ, ಹಿಮಭೂಮಿಗಳ ಮೇಲೆ ಹಾರುವಾಗ, ಒಂದು ಎಂಜಿನ್ ನಿಂತರೂ ಇನ್ನೊಂದರ ಬಲದಲ್ಲಿ ಗೊತ್ತುಪಡಿಸಿದ ಅವಧಿಯೊಳಗೆ ಯಾವುದಾದರೊಂದು ನಿಲ್ದಾಣ ತಲಪುವಂತಿರಬೇಕು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನದ ಒಂದು ಎಂಜಿನ್ ತೊಂದರೆ ಕೊಟ್ಟಾಗ ಪೈಲಟ್‌ಗಳು ಅದನ್ನು ರಷ್ಯಾದ ಮಗದಾನ್ ನಗರದಲ್ಲಿ ಸುರಕ್ಷಿತವಾಗಿ ಇಳಿಸಿದರು. 216 ಪ್ರಯಾಣಿಕರು, 16 ಸಿಬ್ಬಂದಿ. ಅವರನ್ನು ಕರೆದೊಯ್ಯಲು ಇನ್ನೊಂದು ವಿಮಾನ ಬರಬೇಕಾಯಿತು. ಗುರಿ ಮುಟ್ಟುವಷ್ಟರಲ್ಲಿ ಎರಡು ದಿನಗಳ ಮೇಲಾಗಿತ್ತು.

ಮಗದಾನ್‌ನಲ್ಲಿ ಇಳಿಯಲು ಸಾಧ್ಯವಾದದ್ದು ರಷ್ಯಾದ ಆಕಾಶ ಭಾರತದ ವಿಮಾನಗಳಿಗೆ ತೆರೆದಿದ್ದರಿಂದ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಯುರೋಪ್ ಮತ್ತು ಅಮೆರಿಕದ ಸಂಸ್ಥೆಗಳಿಗೆ ಆ ಬಾಗಿಲು ಮುಚ್ಚಿತು. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಪ್ರಯಾಣ ಹದಿಮೂರು ಗಂಟೆಗೆ ಏರಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಅಮೆರಿಕ, ಕೆನಡಾಗಳಿಗೆ ಹೊರಟ ವಿಮಾನಗಳು ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಂಧನಕ್ಕಾಗಿ ಇಳಿಯಬೇಕಾಯಿತು. ಊರುಗಳು ಇದ್ದಲ್ಲೇ ಇದ್ದವು. ಸಮಯ ಮಾತ್ರ ರಾತ್ರೋರಾತ್ರಿ ಬದಲಾಯಿತು.

ಎಂಜಿನಿಯರುಗಳು ವೇಗ ಹೆಚ್ಚಿಸಿ ಇದನ್ನೆಲ್ಲ ಪರಿಹರಿಸಬಾರದೇ? 1958ರಲ್ಲಿ ಸೇವೆಗೆ ಬಂದ ಬೋಯಿಂಗ್ 707 ಕೂಡ ಗಂಟೆಗೆ 900 ಕಿ.ಮೀ. ಹತ್ತಿರವೇ ಹಾರುತ್ತಿತ್ತು. ಶಬ್ದದ ವೇಗದ ಸಮೀಪ ಹೋದಂತೆ ಗಾಳಿಯ ತಡೆ ವಿಪರೀತ ಏರುತ್ತದೆ. ಆ ತಡೆ ದಾಟಿ ಶಬ್ದದ ಎರಡರಷ್ಟು ವೇಗದಲ್ಲಿ ಹಾರಿದ ಕಾಂಕಾರ್ಡ್ 2003ರಲ್ಲಿ ನಿಂತುಹೋಯಿತು, ಅದಕ್ಕೆ ಒಮ್ಮೆಗೆ ಹಾರಲು ಆಗುತ್ತಿದ್ದುದೂ ನಮ್ಮ ಈ ದೂರದ ಅರ್ಧದಷ್ಟೇ. ಕಳೆದ ಆರು ದಶಕಗಳಲ್ಲಿ ಪ್ರಯಾಣ ಚುರುಕಾಗಿದ್ದು ವೇಗ ಹೆಚ್ಚಿದ್ದರಿಂದಲ್ಲ, ನಡುವಿನ ನಿಲುಗಡೆಗಳು ತಪ್ಪಿದ್ದರಿಂದ.

ಟಿಕೆಟ್ ಓದುವುದು ಹೇಗೆ?

ಕೊನೆಯದಾಗಿ ಗಡಿಯಾರದ ಮಾತು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುವುದರಿಂದ ಹನ್ನೆರಡೂವರೆ. ಜನವರಿಯ ಒಂದು ದಿನ ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದರೆ ಇಳಿಯುವುದು ಅದೇ ದಿನ ಸಂಜೆ ನಾಲ್ಕೂವರೆಗೆ. ಟಿಕೆಟ್ಟಿನಲ್ಲಿ ಎರಡೂವರೆ ಗಂಟೆಯ ಪ್ರಯಾಣದಂತೆ ಕಾಣುತ್ತದೆ. ಬರುವಾಗ ಇದೇ ಲೆಕ್ಕ ತಿರುವುಮುರುವಾಗಿ ನಡುವೆ ಒಂದು ತಾರೀಖೇ ಮಾಯ. ಮಕ್ಕಳನ್ನು ನೋಡಲು ಹೊರಟ ಹಿರಿಯರು ವಿಮಾನ ನಿಲ್ದಾಣಕ್ಕೆ ಯಾರು ಯಾವ ದಿನ ಬರಬೇಕು ಎಂದು ಗೊಂದಲಕ್ಕೆ ಬೀಳುವುದು ಇಲ್ಲೇ.

ಆದ್ದರಿಂದ ದೂರದ ಪ್ರಯಾಣಕ್ಕೆ ಟಿಕೆಟ್ ಕಾಯ್ದಿರಿಸುವಾಗ ಕಿಲೋಮೀಟರನ್ನು ವೇಗದಿಂದ ಭಾಗಿಸುವ ಜಾಲತಾಣದ ಮಾತನ್ನು ನಂಬಬೇಡಿ, ವಿಮಾನ ಸಂಸ್ಥೆಯ ವೇಳಾಪಟ್ಟಿ ನೋಡಿ. ಹೋಗುವ ಸಮಯ, ಬರುವ ಸಮಯಗಳನ್ನು ಬೇರೆ ಬೇರೆ ಗಮನಿಸಿ. ಚಳಿಗಾಲದಲ್ಲಿ ಪಶ್ಚಿಮಾಭಿಮುಖವಾಗಿ ಹಾರುವುದಿದ್ದರೆ, ಇಳಿದ ಮೇಲೆ ಹಿಡಿಯಬೇಕಾದ ಇನ್ನೊಂದು ವಿಮಾನಕ್ಕೆ ಕನಿಷ್ಠ ಮೂರು ಗಂಟೆ ಬಿಡುವು ಇಟ್ಟುಕೊಳ್ಳಿ. ಯಾವ ದೇಶದ ಆಕಾಶ ಈಗ ಮುಚ್ಚಿದೆ ಎಂಬ ಸುದ್ದಿಯ ಮೇಲೂ ಒಂದು ಕಣ್ಣಿರಲಿ.